ಹೊಯಿಗೆ ನಡೆಯುವ ಊರಲ್ಲಿ ಒಂದು ಗಾಲ್ಫ್ ಮೈದಾನ

ಕಳೆದ ವರ್ಷ, 2025ರ ಓಣಂ ರಜೆಗೆ ನಾನು ಸ್ಕಾಟ್ಲೆಂಡಿಗೆ ಹೋಗಿದ್ದೆ. ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯ ಟೀಚರಿಗೆ ಮಳೆಗಾಲದಲ್ಲಿ ಒಟ್ಟಿಗೆ ಹತ್ತು ದಿನ ಬಿಡುವು ಸಿಗುವುದು ಆಗಲೇ. ನನ್ನ ತಮ್ಮ ಅಬರ್ಡೀನ್‌ನಲ್ಲಿದ್ದಾನೆ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆ ಕೆಲಸ. ಕೆಲವು ವಾರ ನೀರಿನ ಮೇಲೆ, ಕೆಲವು ವಾರ ಮನೆಯಲ್ಲಿ. ಮನೆಯಲ್ಲಿದ್ದಾಗ ಹೊತ್ತು ಹೋಗಬೇಕಲ್ವಾ, ಹಾಗಾಗಿ ಗಾಲ್ಫ್ ಕಲಿತಿದ್ದಾನೆ. ಅಲ್ಲಿ ಅದು ನಮ್ಮಲ್ಲಿ ವಾಲಿಬಾಲ್ ಇದ್ದ ಹಾಗೆ. ಬಸ್ ಡ್ರೈವರೂ ಆಡುತ್ತಾರೆ, ಡಾಕ್ಟರೂ ಆಡುತ್ತಾರೆ.

"ಅಕ್ಕ, ಹೊಯಿಗೆ ಗುಡ್ಡೆಯ ನಡುವೆ ಹೊಸ ಕೋರ್ಸ್ ಆಗಿದೆ. ನಾನು ಆಡುತ್ತೇನೆ, ನೀನು ಜೊತೆಗೆ ನಡೆ. ನಿನಗೆ ಇಷ್ಟ ಆಗುತ್ತದೆ" ಅಂದ. ಹೊಯಿಗೆ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ನಾನು ಬೇಡ ಅನ್ನಲಿಲ್ಲ. ನಾನು ಹುಟ್ಟಿದ್ದು ಕುಂಬಳೆಯ ಕಡಲ ಕರೆಯಲ್ಲಿ. ನಾವು ಮರಳು ಅನ್ನುವುದು ಪಾಠಪುಸ್ತಕದಲ್ಲಿ. ಕಾಲಿಗೆ ತಾಗುವುದು, ತಲೆಕೂದಲಲ್ಲಿ ಸಿಕ್ಕುವುದು, ಚಾಪೆಯಿಂದ ಕೊಡವಿದಷ್ಟೂ ಬೀಳುವುದು ಹೊಯಿಗೆ.

ಕೋರ್ಸ್ ಇರುವುದು ಬಾಲ್ಮೀಡಿ ಅನ್ನುವ ಊರಿನ ಹತ್ತಿರ, ಅಬರ್ಡೀನ್‌ನಿಂದ ಸ್ವಲ್ಪ ಉತ್ತರಕ್ಕೆ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಕುಟುಂಬದ ಕಂಪನಿಯದ್ದು. ಅಲ್ಲಿ ಎರಡು ಕೋರ್ಸ್ ಇವೆ. ಮೊದಲನೆಯದು 2012ರ ಜುಲೈಯಲ್ಲಿ ಶುರುವಾಯಿತು. ಎರಡನೆಯದನ್ನು 2025ರ ಜುಲೈ ಕೊನೆಗೆ ಅವರೇ ಬಂದು ಉದ್ಘಾಟಿಸಿದರು. ಅವರ ತಾಯಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು, ತವರಿನ ಹೆಸರು ಮ್ಯಾಕ್‌ಲಿಯೋಡ್. ಹೊಸ ಕೋರ್ಸಿಗೆ ಮೊದಲು ಗೊತ್ತುಮಾಡಿದ್ದು ಅದೇ ಹೆಸರು. ನಾವು ಹೋದಾಗ ಅದರ ಉದ್ಘಾಟನೆಯಾಗಿ ಒಂದು ತಿಂಗಳು ಕಳೆದಿತ್ತು ಅಷ್ಟೇ.

ಕಾರಿನಿಂದ ಇಳಿದ ಕೂಡಲೇ ಗಾಳಿ ಎದೆಗೆ ಗುದ್ದಿತು. ಸೆಪ್ಟೆಂಬರ್ ಮೊದಲ ವಾರ. ಅವರಿಗೆ ಇನ್ನೂ ಬೇಸಿಗೆಯ ಬಾಲ, ನನಗೆ ಎರಡು ಸ್ವೆಟರ್. ಮುಂದೆ ನೋಡಿದರೆ ಗುಡ್ಡೆಯ ಹಿಂದೆ ಗುಡ್ಡೆ. ನಮ್ಮ ಕಡೆ ಗುಡ್ಡೆ ಅಂದರೆ ಮುರಕಲ್ಲು. ಕೆಂಪು, ಗಟ್ಟಿ, ನೂರು ವರ್ಷ ಆದರೂ ಇದ್ದಲ್ಲೇ ಇರುತ್ತದೆ. ಇಲ್ಲಿಯದ್ದು ಪೂರಾ ಹೊಯಿಗೆ, ಮೇಲೆ ಉದ್ದುದ್ದ ಹುಲ್ಲು. ಎರಡು ಗುಡ್ಡೆಗಳ ನಡುವೆ ತಗ್ಗು. ನಮ್ಮ ಬೈಲಿನ ಹಾಗೆ ಹಾವಿನಂತೆ ಬಳುಕಿಕೊಂಡು ಹೋಗುತ್ತದೆ. ಆ ಬೈಲಿನಲ್ಲಿ ಹಸಿರು ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಆಟದ ದಾರಿ ಮಾಡಿದ್ದಾರೆ. ಕೊನೆಯಲ್ಲಿ ಒಂದು ಸಣ್ಣ ಬಾವುಟ ಪಟಪಟ ಅನ್ನುತ್ತಿರುತ್ತದೆ.

ನಿಜ ಹೇಳಬೇಕು. ನನಗೆ ಉಸಿರು ಕಟ್ಟುವಷ್ಟು ಚಂದ ಕಂಡಿತು.

ಒಂದು ಬೈಲಿನಲ್ಲಿ ಇರುವಾಗ ಪಕ್ಕದ ಬೈಲು ಕಾಣುವುದಿಲ್ಲ. ಬೇರೆಯವರು ಆಡುವುದು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಚೆಂಡು ಇಡುವ ಜಾಗಕ್ಕೆ ಗುಡ್ಡೆ ಹತ್ತಿ ನಿಂತರೆ ಒಮ್ಮೆಲೇ ಉತ್ತರ ಸಮುದ್ರ ಕಣ್ಣಿಗೆ ಬೀಳುತ್ತದೆ. ಸೀಸದ ಬಣ್ಣ. ಆಚೆಗೆ ಹನ್ನೊಂದು ಗಾಳಿಯಂತ್ರಗಳು ಸುತ್ತುತ್ತಿದ್ದವು. ಅವುಗಳ ವಿರುದ್ಧ ಟ್ರಂಪ್ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2015ರಲ್ಲಿ ಸೋತಿದ್ದರು. 2018ರಿಂದ ಅವು ಕರೆಂಟು ಕೊಡುತ್ತಿವೆ. ನನಗೇನೋ ಆ ಯಂತ್ರಗಳು ಹಿತವಾಗಿಯೇ ಕಂಡವು. ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ ಅವು ಮುಖ ತಿರುಗಿಸಿ ಹೇಳುತ್ತವೆ. ತಮ್ಮನೂ ಅವನ್ನು ನೋಡಿಯೇ ಕೋಲು ಬದಲಿಸುತ್ತಿದ್ದ.

ಆಟ ನನಗೆ ಪೂರ್ತಿ ಹೊಸತು. ಆದರೆ ಹತ್ತು ನಿಮಿಷದಲ್ಲಿ ಇದು ಕುಟ್ಟಿದೊಣ್ಣೆಯ, ಅಂದರೆ ಚಿನ್ನಿದಾಂಡಿನ ದೊಡ್ಡಣ್ಣ ಅಂತ ಅನಿಸಿತು. ಕೋಲು ಬೀಸುವುದು, ದೂರ ಹಾರಿಸುವುದು, ಪೊದೆಯಲ್ಲಿ ಹುಡುಕುವುದು. ಗುಳಿಯ ಬಾಯಿ 108 ಮಿಲಿಮೀಟರ್. ಅಂದರೆ ಒಂದು ಗೆರಟೆಯ ಅಗಲ. ನಾನೂರು ಮೀಟರ್ ದೂರದಿಂದ ಶುರು ಮಾಡಿ, ಆ ಗೆರಟೆಯೊಳಗೆ ಚೆಂಡು ಬೀಳಿಸಬೇಕು. ಹೀಗೆ ಹದಿನೆಂಟು ಗುಳಿ. ಒಂದು ಚೆಂಡು ಉದ್ದ ಹುಲ್ಲಿನೊಳಗೆ ಹೋಯಿತು. ನಾವಿಬ್ಬರೂ ಬಗ್ಗಿ ಹುಡುಕಿದೆವು. ಹುಡುಕಲು ಈಗ ಮೂರು ನಿಮಿಷ ಮಾತ್ರ ಅಂತೆ. 2019ರ ಮೊದಲು ಐದು ನಿಮಿಷ ಇತ್ತು. ಆ ಐದು ನಿಮಿಷದ ನಿಯಮ ಮೊದಲು ಬಂದದ್ದೇ 1783ರಲ್ಲಿ, ಇದೇ ಅಬರ್ಡೀನಿನ ಗಾಲ್ಫ್ ಆಟಗಾರರಿಂದ.

ಚೆಂಡು ಸಿಗಲಿಲ್ಲ. ನನಗೆ ಸಿಕ್ಕಿದ್ದು ಹುಲ್ಲು.

ಮ್ಯಾರಮ್ ಅಂತ ಅದರ ಹೆಸರು. ಕುಳಿತು ಒಂದು ಎಲೆ ಕಿತ್ತೆ. ತುದಿ ಸೂಜಿಯ ಹಾಗೆ ಚುಚ್ಚಿತು. ಎಲೆ ಉದ್ದಕ್ಕೂ ಸುರುಳಿ ಸುತ್ತಿಕೊಂಡಿತ್ತು, ಬೀಡಿ ಸುತ್ತಿದ ಹಾಗೆ. ಹೊರಗೆ ನುಣುಪು, ಮೇಣ ಸವರಿದಂತೆ. ಉಗುರು ಹಾಕಿ ಬಿಡಿಸಿದರೆ ಒಳಗೆ ಉದ್ದುದ್ದ ಗೆರೆ, ಗೆರೆಯ ನಡುವೆ ಸಣ್ಣ ರೋಮ. ಎಲೆ ಉಸಿರಾಡುವ ತೂತುಗಳು ಆ ರೋಮಗಳ ನಡುವೆ ಅಡಗಿರುತ್ತವೆ. ಗಾಳಿ ಎಷ್ಟು ಬೀಸಿದರೂ ಒಳಗಿನ ಪಸೆ ಆರಬಾರದು ಅಂತ ಈ ಏರ್ಪಾಡು. ನಮ್ಮ ಕಡಲ ಕರೆಯ ರಾವಣನ ಮೀಸೆ ಅನ್ನುವ ಹುಲ್ಲು ನೆನಪಾಯಿತು. ಅದೂ ಹೀಗೇ ಚುಚ್ಚುತ್ತದೆ. ಒಂದು ಉತ್ತರ ಸಮುದ್ರದ್ದು, ಒಂದು ಅರಬ್ಬಿ ಕಡಲಿನದ್ದು. ಇಬ್ಬರೂ ಮಾಡುವ ಕೆಲಸ ಒಂದೇ. ಹಾರಿಹೋಗುವ ಹೊಯಿಗೆಯನ್ನು ಹಿಡಿದು ಗುಡ್ಡೆ ಮಾಡುವುದು.

ಹೊಯಿಗೆ ಗುಡ್ಡೆ ಹುಟ್ಟುವುದು ಹೇಗೆ ಅಂತ ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಗಾಳಿ ಒಣ ಹೊಯಿಗೆಯನ್ನು ಹೊತ್ತು ತರುತ್ತದೆ. ಒಂದು ಗಿಡವೋ ಕಟ್ಟಿಗೆಯೋ ಅಡ್ಡ ಸಿಕ್ಕಿದರೆ ಗಾಳಿಯ ಜೋರು ಕಡಿಮೆಯಾಗಿ ಹೊಯಿಗೆ ಅಲ್ಲೇ ಬೀಳುತ್ತದೆ. ಹುಲ್ಲು ಇದ್ದರೆ ಇನ್ನೂ ಜಾಸ್ತಿ ಬೀಳುತ್ತದೆ. ಮ್ಯಾರಮ್‌ನ ವಿಶೇಷ ಏನೆಂದರೆ, ಹೊಯಿಗೆ ಬಿದ್ದು ಅರ್ಧ ಮುಚ್ಚಿಹೋದರೆ ಅದಕ್ಕೆ ಹುರುಪು ಬರುತ್ತದೆ. ಮೇಲಕ್ಕೆ ಚಿಗುರುತ್ತದೆ, ಹೊಸ ಬೇರು ಬಿಡುತ್ತದೆ. ಹೊಸ ಹೊಯಿಗೆ ಬರುವುದು ನಿಂತರೆ ಮೆಲ್ಲ ಸೊರಗುತ್ತದೆ. ಪುಸ್ತಕದಲ್ಲಿ ಓದಿ ಹೇಳುತ್ತಿದ್ದ ಈ ಸಂಗತಿಯನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಗಾಲ್ಫ್ ಆಟ ಬೆಳೆದದ್ದೂ ಇಂಥ ಜಾಗದಲ್ಲೇ. ಹೊಲಕ್ಕೂ ಕಡಲಿಗೂ ನಡುವೆ ಇರುವ, ಬೇಸಾಯಕ್ಕೆ ಒದಗದ ಹೊಯಿಗೆ ನೆಲಕ್ಕೆ ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಅನ್ನುತ್ತಾರೆ. ಅಲ್ಲಿ ಕುರಿ ಮೇಯುತ್ತಿದ್ದವು, ಮೊಲ ಬಿಲ ತೋಡುತ್ತಿತ್ತು. ಕುರಿ, ಮೊಲ ಮೇದು ಮೇದು ಹುಲ್ಲು ಚಾಪೆಯ ಹಾಗೆ ಆಗುತ್ತಿತ್ತು. ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಇಳಿದುಹೋಗುತ್ತದೆ. ಚಳಿಗಾಲದಲ್ಲೂ ಆಡಬಹುದು. 1457ರಲ್ಲಿ ಅಲ್ಲಿಯ ರಾಜ ಗಾಲ್ಫ್ ಆಡಬಾರದು ಅಂತ ಕಾನೂನು ತಂದ. ಜನ ಬಿಲ್ವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದರು ಅಂತ. ಆರಂಭದ ಕೋರ್ಸುಗಳನ್ನು ಯಾರೂ ನಕ್ಷೆ ಬರೆದು ಕಟ್ಟಿದ್ದಲ್ಲ. ಗಾಳಿ, ಕುರಿ, ಮೊಲ ಸೇರಿ ಮಾಡಿಟ್ಟದ್ದರಲ್ಲಿ ಜನ ಗುಳಿ ತೋಡಿ ಆಡಿದರು.

ಹನ್ನೆರಡನೆಯದೋ ಹದಿಮೂರನೆಯದೋ ಗುಳಿಯ ಹೊತ್ತಿಗೆ ನನ್ನ ಸಂತೋಷದೊಳಗೆ ಏನೋ ಒಂದು ಕಾಡತೊಡಗಿತು. ಅಷ್ಟು ಗಾಳಿ ಬೀಸುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು. ಆದರೆ ನನ್ನ ಬಾಯಲ್ಲಿ ಒಂದು ಕಣ ಹೊಯಿಗೆ ಇರಲಿಲ್ಲ. ಕಡಲ ಕರೆಯ ಗಾಳಿಯಲ್ಲಿ ನಾಲ್ಕು ಗಂಟೆ ನಡೆದರೆ ಹಲ್ಲಿನ ನಡುವೆ ಕರಕರ ಅನ್ನಬೇಕು. ಚಿಕ್ಕಂದಿನಿಂದ ಅಭ್ಯಾಸವಾದ ರುಚಿ ಅದು.

ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ, "ಇಲ್ಲಿ ಹೊಯಿಗೆಯನ್ನು ನಿಲ್ಲಿಸಿದ್ದಾರೆ ಅಕ್ಕ" ಅಂದ.

ಆ ರಾತ್ರಿ ಕೂತು ಓದಿದೆ. ಈ ಕರಾವಳಿಯ ಒಂದು ಭಾಗಕ್ಕೆ ಫೊವೆರನ್ ಲಿಂಕ್ಸ್ ಅಂತ ಹೆಸರು. ಅಲ್ಲಿ ದೊಡ್ಡ ಬೋಳು ಹೊಯಿಗೆಯ ಹಾಸು ಇತ್ತು. ಗಾಳಿಗೆ ಅದು ವರ್ಷ ವರ್ಷ ಉತ್ತರಕ್ಕೆ ಸರಿಯುತ್ತಿತ್ತು. ನಡೆಯುವ ಹೊಯಿಗೆ. ಬ್ರಿಟನ್ನಿನಲ್ಲಿ ಅಂಥದ್ದು ಉಳಿದಿರುವುದೇ ಕಡಿಮೆ. ಹಾಗಾಗಿ ಅದಕ್ಕೆ ವಿಶೇಷ ವೈಜ್ಞಾನಿಕ ಮಹತ್ವದ ಜಾಗ ಅನ್ನುವ ರಕ್ಷಣೆ ಇತ್ತು. ಮೊದಲನೇ ಕೋರ್ಸಿನ ಅರ್ಜಿಯನ್ನು ಅಲ್ಲಿಯ ಕೌನ್ಸಿಲಿನ ಸಮಿತಿ 2007ರಲ್ಲಿ ತಳ್ಳಿಹಾಕಿತು. ಸ್ಕಾಟ್ಲೆಂಡ್ ಸರಕಾರ ವಿಷಯವನ್ನು ತನ್ನ ಕೈಗೆ ತೆಗೆದುಕೊಂಡು, ವಿಚಾರಣೆ ನಡೆಸಿ, ಊರಿಗೆ ಆದಾಯ ಬರುತ್ತದೆ ಅಂತ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಚೆಂಡು ಆಡುವ ನೆಲ ನಡೆಯುತ್ತಾ ಹೋದರೆ ಆಗುವುದಿಲ್ಲವಲ್ಲ. ಬೋಳು ಹೊಯಿಗೆಯ ಮೇಲೆ ಮ್ಯಾರಮ್ ನೆಟ್ಟು ಅದನ್ನು ಕಟ್ಟಿಹಾಕಿದರು. 2020ರ ಡಿಸೆಂಬರಿನಲ್ಲಿ ಸರಕಾರದ ಪ್ರಕೃತಿ ಸಂಸ್ಥೆ ನೇಚರ್‌ಸ್ಕಾಟ್, ಕೋರ್ಸ್ ಇರುವ ಭಾಗಕ್ಕೆ ಕೊಟ್ಟಿದ್ದ ಆ ಪಟ್ಟವನ್ನು ವಾಪಸ್ ತೆಗೆದುಕೊಂಡಿತು. ರಕ್ಷಿಸಬೇಕಾದ ಗುಣವೇ ಅಲ್ಲಿ ಈಗ ಉಳಿದಿಲ್ಲ ಅನ್ನುವ ಕಾರಣಕ್ಕೆ.

ಇದೆಲ್ಲ ಆದದ್ದು ಮೊದಲನೇ ಕೋರ್ಸಿನಲ್ಲಿ. ನಾವು ನಡೆದದ್ದು ಅದರ ಪಕ್ಕದ ಹೊಸತರಲ್ಲಿ. ಆದರೂ ನನಗೆ ನಿದ್ದೆ ಬರಲಿಲ್ಲ. ಹಗಲು ಅಷ್ಟು ಖುಷಿ ಕೊಟ್ಟ ಆ ಹುಲ್ಲು, ನಾನು ಕೈಯಲ್ಲಿ ಬಿಡಿಸಿ ನೋಡಿ ಬೆರಗಾದ ಅದೇ ಹುಲ್ಲು, ಹೊಯಿಗೆಯನ್ನು ನಿಲ್ಲಿಸುವ ಕೆಲಸಕ್ಕೂ ಆಗುತ್ತದೆ. ಅದರ ತಪ್ಪೇನಿಲ್ಲ.

ಮರುದಿನ ತಮ್ಮನಿಗೆ ರಜೆ ಇತ್ತು. "ನಡೆಯುವ ಹೊಯಿಗೆ ಇನ್ನೂ ಎಲ್ಲಿಯಾದರೂ ಇದೆಯಾ?" ಅಂತ ಕೇಳಿದೆ. ಹೆಚ್ಚು ದೂರ ಹೋಗಬೇಕಾಗಿಯೇ ಇರಲಿಲ್ಲ. ಅಲ್ಲೇ ಉತ್ತರಕ್ಕೆ ಐಥನ್ ಅನ್ನುವ ನದಿ ಕಡಲು ಸೇರುತ್ತದೆ. ಅಳಿವೆ ನೋಡಿ ನನಗೆ ಶಿರಿಯ ಹೊಳೆಯ ಅಳಿವೆಗೆ ಬಂದಷ್ಟೇ ಆಪ್ತ ಅನಿಸಿತು. ಅದೇ ಹೊಯಿಗೆಯ ನಾಲಿಗೆ, ಅದೇ ಒಳಗೆ ಹೊರಗೆ ಎಳೆದಾಡುವ ನೀರು. ಮೀನುಗಾರರ ಜಾಗದಲ್ಲಿ ನೀರುನಾಯಿಗಿಂತ ಎಷ್ಟೋ ದಪ್ಪದ ಸೀಲ್‌ಗಳು ಸಾಲಾಗಿ ಮಲಗಿದ್ದವು. ಅಳಿವೆಯ ಆಚೆ ಬದಿ ಫೊರ್ವಿ. ಅದು ರಾಷ್ಟ್ರೀಯ ಪ್ರಕೃತಿಧಾಮ.

ಅಲ್ಲಿ ಗಾಲ್ಫ್ ಇಲ್ಲ, ಬಾವುಟ ಇಲ್ಲ. ತೆಂಗಿನ ಮರದೆತ್ತರದ ಹೊಯಿಗೆ ಗುಡ್ಡೆಗಳು. ಒಂದು ಬದಿಯಲ್ಲಿ ಹುಲ್ಲು, ಇನ್ನೊಂದು ಬದಿ ಬೋಳು. ಗಾಳಿ ಬಂದಾಗ ಗುಡ್ಡೆಯ ನೆತ್ತಿಯಿಂದ ಹೊಯಿಗೆ ಹೊಗೆಯ ಹಾಗೆ ಏಳುತ್ತದೆ. ಆ ಕಡೆ ಇಳಿಜಾರಿಗೆ ಬಿದ್ದು ಜಾರುತ್ತದೆ. ಹತ್ತಿರ ಕೂತರೆ ಅಕ್ಕಿ ಗೇರುವಾಗಿನ ಹಾಗೆ ಸರ್ ಅನ್ನುವ ಸದ್ದು. ಹೀಗೆ ಹಿಂದಿನದು ಮುಂದಕ್ಕೆ ಬಿದ್ದು ಬಿದ್ದು ಇಡೀ ಗುಡ್ಡೆ ಹೆಜ್ಜೆ ಹಾಕುತ್ತದೆ. ನನ್ನ ಹಲ್ಲಿನ ನಡುವೆ ಕರಕರ ಅಂದಿತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಮನೆಗೆ ಬಂದ ಹಾಗಾಯಿತು.

ಆ ಹೊಯಿಗೆಯ ಕೆಳಗೆ ಒಂದು ಊರೇ ಇದೆ. ಆರುನೂರು ವರ್ಷಗಳ ಹಿಂದೆ ಹೊಯಿಗೆ ಬಂದು ಫೊರ್ವಿ ಹಳ್ಳಿಯನ್ನು ಮುಚ್ಚಿತು. 1413ರಲ್ಲಿ ಒಂಬತ್ತು ದಿನ ಬೀಸಿದ ಬಿರುಗಾಳಿ ಅಂತ ಕಥೆ ಹೇಳುತ್ತಾರೆ. ಮೂವರು ಅಕ್ಕತಂಗಿಯರಿಗೆ ತಂದೆಯ ಆಸ್ತಿ ಕೊಡದೆ, ತೂತಿನ ದೋಣಿಯಲ್ಲಿ ಕಡಲಿಗೆ ಬಿಟ್ಟರಂತೆ. ಅವರು ಹಾಕಿದ ಶಾಪ ಅಂತೆ. ಈಗ ಕಾಣುವುದು ಹಳೇ ಇಗರ್ಜಿಯ ಮೋಟು ಗೋಡೆ ಮಾತ್ರ. ನಾನು ಅದರ ಕಲ್ಲಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಸುತ್ತ ಹೆದರ್ ಅನ್ನುವ ಗಿಡ ನೇರಳೆ ಹೂ ಬಿಟ್ಟಿತ್ತು.

ಹೊಯಿಗೆ ನಡೆದರೆ ಊರು ಮುಚ್ಚಬಹುದು. ಅದೂ ಸತ್ಯ. ಅಲ್ಲಿ ನಿಂತು, ಹೊಯಿಗೆಯನ್ನು ನಿಲ್ಲಿಸುವವರ ಮೇಲೆ ನನಗೆ ನಿನ್ನೆ ಬಂದಿದ್ದ ಸಿಟ್ಟು ಅಷ್ಟು ಸಲೀಸಾಗಿ ಉಳಿಯಲಿಲ್ಲ. ಆದರೂ ನನ್ನ ಮಾತು ಇಷ್ಟೇ. ಗುಡ್ಡೆಯನ್ನು ಚಂದ ಮಾಡಿದ್ದು ಅದರ ನಡಿಗೆ. ನಡಿಗೆ ನಿಲ್ಲಿಸಿದ ಮೇಲೆ ಉಳಿಯುವುದು ಅದರ ಆಕಾರ ಮಾತ್ರ. ಆ ಆಕಾರವನ್ನು ನಾನೂ ಮೆಚ್ಚಿದೆ, ಮನಸಾರೆ ಮೆಚ್ಚಿದೆ. ಅದಕ್ಕೇ ಇಷ್ಟು ನೋವು.

ಬೇರೆ ದಾರಿ ಇಲ್ಲವಾ ಅಂತ ಹುಡುಕಿದೆ. ಸ್ಕಾಟ್ಲೆಂಡಿನ ಪಡುವಣ ಕರೆಯಲ್ಲಿ ಮಕ್ರಿಹಾನಿಶ್ ಡ್ಯೂನ್ಸ್ ಅಂತ ಒಂದು ಕೋರ್ಸ್ 2009ರಲ್ಲಿ ಆಗಿದೆ. ಅದೂ ರಕ್ಷಿತ ಹೊಯಿಗೆ ಗುಡ್ಡೆಗಳ ನಡುವೆಯೇ. ವಿನ್ಯಾಸ ಮಾಡಿದ ಡೇವಿಡ್ ಮೆಕ್ಲೇ ಕಿಡ್ ಅವರಿಗೆ ಚೆಂಡು ಇಡುವ ಜಾಗ, ಗುಳಿಯ ಸುತ್ತಲಿನ ಜಾಗ ಬಿಟ್ಟರೆ ಬೇರೆ ನೆಲವನ್ನು ಹೆಚ್ಚು ಮುಟ್ಟುವ ಹಾಗಿರಲಿಲ್ಲ. ನಡುವಿನ ದಾರಿಗೆ ಇದ್ದ ಹುಲ್ಲನ್ನೇ ಕತ್ತರಿಸಿದರು. ಕುರಿಗಳನ್ನು ಮೇಯಲು ಬಿಟ್ಟರು. ಹಳೇ ಕಾಲದ ಹಾಗೆ. ಅಲ್ಲಿಗೆ ಹೋಗಲು ನನಗೆ ದಿನ ಇರಲಿಲ್ಲ. ಶಾಲೆ ಶುರುವಾಗುವುದರಲ್ಲಿತ್ತು.

ಮಂಗಳೂರಲ್ಲಿ ಇಳಿದು, ತಲಪಾಡಿ ದಾಟಿ, ಮಂಜೇಶ್ವರ, ಉಪ್ಪಳ, ಕುಂಬಳೆ. ಮನೆಗೆ ಬಂದ ಮರುದಿನವೇ ಕಡಲಿಗೆ ಹೋದೆ.

ನಮ್ಮ ಕರೆಯಲ್ಲಿ ಈಗ ಹೊಯಿಗೆಗಿಂತ ಕರಿಕಲ್ಲು ಜಾಸ್ತಿ. ಕಡಲ್ಕೊರೆತ ತಡೆಯಲು ಹಾಕಿದ ಗೋಡೆ. ಆ ಗೋಡೆಯನ್ನು ಬೈಯುವುದು ನನಗೆ ಸುಲಭವಲ್ಲ. ನಮ್ಮ ನೆರೆಯವರ ತೆಂಗಿನ ಮರಗಳು ಒಂದೊಂದಾಗಿ ಮಗುಚಿದ್ದನ್ನು ನಾನು ನೋಡಿದ್ದೇನೆ. ಕಲ್ಲು ಬಂದ ದಿನ ಅವರು ಪಾಯಸ ಹಂಚಿದ್ದರು. ಆದರೆ ಕಲ್ಲಿಗೆ ಬಡಿದ ಅಲೆ ಅದೇ ಜೋರಲ್ಲಿ ಹಿಂದಕ್ಕೆ ಹೋಗುವಾಗ ಗೋಡೆಯ ಬುಡದ ಹೊಯಿಗೆಯನ್ನು ಕಿತ್ತುಕೊಂಡು ಹೋಗುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದ ಕರೆಯನ್ನು ಕಚ್ಚುತ್ತದೆ. ಆಗ ಪಕ್ಕದವರಿಗೂ ಕಲ್ಲು ಬೇಕು. ಹೀಗೆ ಗೋಡೆ ಉದ್ದ ಆಗುತ್ತಾ ಹೋಗುತ್ತದೆ.

ನನ್ನ ಅಮ್ಮ ಹೇಳುತ್ತಿದ್ದರು, ಕಡಲು ಆಟಿಯಲ್ಲಿ ಹೊಯಿಗೆ ಸಾಲ ಕೊಂಡುಹೋಗುತ್ತದೆ, ದೀಪಾವಳಿ ಕಳೆದ ಮೇಲೆ ತಂದು ಕೊಡುತ್ತದೆ ಅಂತ. ವಿಜ್ಞಾನವೂ ಅದನ್ನೇ ಹೇಳುತ್ತದೆ. ಮಳೆಗಾಲದ ದೊಡ್ಡ ಅಲೆಗಳು ಕರೆಯ ಹೊಯಿಗೆಯನ್ನು ಎಳೆದು ಸ್ವಲ್ಪ ದೂರದಲ್ಲಿ ನೀರಡಿ ದಿಣ್ಣೆ ಮಾಡಿ ಇಡುತ್ತವೆ. ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದನ್ನು ಮೆಲ್ಲಮೆಲ್ಲ ವಾಪಸ್ ತರುತ್ತವೆ. ಗಾಳಿ ಒಣಗಿಸಿ ಮೇಲಕ್ಕೆ ಎತ್ತುತ್ತದೆ. ಅಡುಂಬು ಬಳ್ಳಿ, ರಾವಣನ ಮೀಸೆ ಅದನ್ನು ಹಿಡಿದುಕೊಳ್ಳುತ್ತವೆ. ನಮ್ಮ ಹೊಯಿಗೆಯೂ ನಡೆಯುತ್ತದೆ. ಹೋಗುತ್ತದೆ, ಬರುತ್ತದೆ. ಬಂದಾಗ ಕೂರಲು ಜಾಗ ಇರಬೇಕು ಅಷ್ಟೇ. ನಮ್ಮ ಹಳೇ ಮನೆಯ ಬಾವಿ ಕಡಲಿಂದ ಕೂಗಳತೆಯಲ್ಲಿತ್ತು. ನೀರು ಸಿಹಿ. ಹೊಯಿಗೆಯೊಳಗೆ ಇಳಿದ ಮಳೆನೀರು ಉಪ್ಪುನೀರಿನ ಮೇಲೆ ಹಗುರವಾಗಿ ತೇಲುತ್ತಾ ನಿಂತಿರುವುದರಿಂದ ಆ ಸಿಹಿ. ಹೊಯಿಗೆಯ ದಿಣ್ಣೆ ಹೋದರೆ ಆ ನೀರೂ ಹೋಗುತ್ತದೆ.

ಗೋಡೆ ಮುಗಿಯುವ ಜಾಗದಿಂದ ಆಚೆ ಇನ್ನೂ ಒಂದು ತುಂಡು ಬರಿ ಕರೆ ಉಳಿದಿದೆ. ಅಲ್ಲಿ ಗಾಳಿಮರ ಕೆಲವಿವೆ. ದೀಪಾವಳಿ ರಜೆ ಕಳೆದು ಒಂದು ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಬಿದಿರಿನ ಕೋಲಿಗೆ ಬೆರಳಳತೆಯಲ್ಲಿ ಗೆರೆ ಹಾಕಿ ಕೊಂಡುಹೋಗಿದ್ದೆವು. ಅಡುಂಬು ಬಳ್ಳಿಯ ಹತ್ತಿರ ಅದನ್ನು ನೆಟ್ಟೆವು. ಬಳ್ಳಿಯ ಎಲೆ ಆಡಿನ ಗೊರಸಿನ ಹಾಗೆ ಎರಡಾಗಿ ಸೀಳಿರುತ್ತದೆ ಅಂತ ತೋರಿಸಿದೆ. ಒಬ್ಬಳು ಹುಡುಗಿ ನೇರಳೆ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡಳು. ಸ್ಕಾಟ್ಲೆಂಡಿನ ಮ್ಯಾರಮ್ ಎಲೆಯ ಕಥೆ ಹೇಳಿದೆ. ಅವರು ರಾವಣನ ಮೀಸೆಯ ಎಲೆ ಕಿತ್ತು ಅದೂ ಸುತ್ತಿಕೊಳ್ಳುತ್ತದಾ ಅಂತ ಪರೀಕ್ಷೆ ಮಾಡಿದರು. ಕೈಗೆ ಚುಚ್ಚಿಸಿಕೊಂಡರು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಕೋಲು ಅಲ್ಲೇ ಇತ್ತು. ಹುಡುಗರು ಓಡಿಹೋಗಿ ಗೆರೆ ಎಣಿಸಿದರು. ನಾಲ್ಕು ಬೆರಳು ಮುಚ್ಚಿತ್ತು. ಅಷ್ಟರಲ್ಲಿ ಒಂದು ರಾವಣನ ಮೀಸೆಯ ಒಣ ಬೀಜದ ಉಂಡೆ ಬುಡದಿಂದ ಕಳಚಿ ಗಾಳಿಗೆ ಉರುಳತೊಡಗಿತು. ಮುಳ್ಳಿನ ತುದಿಗಳ ಮೇಲೆ ಕುಣಿಯುತ್ತಾ, ಕೋಲನ್ನು ದಾಟಿ, ಗಾಳಿಮರದ ಕಡೆಗೆ. ಮಕ್ಕಳು ಅದರ ಹಿಂದೆ ಓಡಿದರು.